ಎತ್ತಬಾರದ ಕರೆ

ಇಂಗ್ಲಿಷಿನವರ ಮಾತಿನಲ್ಲಿ 'ಮಿಸ್ಡ್ ಕಾಲ್' ಎಂಬುದು ಒಂದು ಪ್ರಮಾದದ ಹೆಸರು. ಕರೆದವನು ಕರೆದನು, ಕೇಳಬೇಕಾದವನಿಗೆ ಕೇಳಿಸಲಿಲ್ಲ, ಅಷ್ಟೆ. ಅದೇ ಪದವು ನಮ್ಮ ನಾಡಿಗೆ ಬಂದು, ನಡುವಿನ ವ್ಯಂಜನವೊಂದನ್ನು ಕಳೆದುಕೊಂಡು 'ಮಿಸ್ ಕಾಲ್' ಆದೊಡನೆ, ಪ್ರಮಾದವೆಂಬ ಅರ್ಥವನ್ನೂ ಅದರೊಂದಿಗೇ ಕಳೆದುಕೊಂಡು, ಬುದ್ಧಿಪೂರ್ವಕವಾಗಿ ಮಾಡತಕ್ಕ ಕ್ರಿಯೆಯಾಗಿ, ಕಡೆಗೆ ಒಬ್ಬರು ಇನ್ನೊಬ್ಬರಿಗೆ ಕೊಡತಕ್ಕ ವಸ್ತುವೇ ಆಗಿಹೋಯಿತು. ಹೊರಟ ಬಸ್ಸಿನ ಕಿಟಕಿಯ ಬಳಿ ನಿಂತು 'ಊರು ಮುಟ್ಟಿದ ಮೇಲೆ ಒಂದು ಮಿಸ್ ಕಾಲ್ ಕೊಡಪ್ಪಾ' ಎನ್ನುತ್ತಿದ್ದ ತಾಯಂದಿರಿಗೆ, ತಪ್ಪಿಹೋದದ್ದನ್ನು ಕೊಡುವುದೆಂತು ಎಂಬ ವ್ಯಾಕರಣದ ಸಂಶಯ ಎಂದೂ ಬಂದಂತಿಲ್ಲ. ಮಾತು ಕೊಡುವ, ಹೆಣ್ಣು ಕೊಡುವ, ಶಾಪ ಕೊಡುವ ಭಾಷೆಗೆ ಇದೊಂದು ಹೆಚ್ಚಿನ ಭಾರವೂ ಆಗಲಿಲ್ಲ. ಆಳರಸರ ಆಶ್ರಯವಿಲ್ಲದೆ, ಶಾಸ್ತ್ರಕಾರನಿಲ್ಲದೆ, ಯಾರು ಮೊದಲು ಮಾಡಿದರೆಂಬ ದಾಖಲೆಯೂ ಇಲ್ಲದೆ, ಸುಮಾರು ಹದಿನೈದು ವರ್ಷಗಳ ಕಾಲ ಕೋಟ್ಯಂತರ ಜನರು ದಿನನಿತ್ಯ ಆಚರಿಸಿ ಈಗ ಬಹುಮಟ್ಟಿಗೆ ಬಿಟ್ಟುಕೊಟ್ಟಿರುವ ಈ ಪದ್ಧತಿಯ ಚರಿತ್ರೆಯನ್ನು, ಅದನ್ನು ಕಂಡವರೆಲ್ಲ ಬದುಕಿರುವಾಗಲೇ ಬರೆದಿಡುವುದು ಲೇಸೆಂದು ತೋರಿ ಈ ಪ್ರಯತ್ನ.

ಯುಕ್ತಿಯೇನೋ ಹಳೆಯದು. ಇಂಗ್ಲೆಂಡಿನಲ್ಲಿ 1840ಕ್ಕೆ ಮುಂಚೆ, ಕಾಗದದ ಕೂಲಿಯನ್ನು ಸಾಮಾನ್ಯವಾಗಿ ಬರೆದವನು ಕೊಡದೆ ಪಡೆದವನೇ ತೆರುತ್ತಿದ್ದ ಕಾಲದಲ್ಲಿ, ಕವಿ ಕೋಲ್‌ರಿಜ್ ಉತ್ತರದ ಸರೋವರ ಪ್ರಾಂತದಲ್ಲಿ ನಡೆದು ಹೋಗುತ್ತಿದ್ದಾಗ, ಬಡ ಹೆಂಗಸೊಬ್ಬಳು ತನ್ನ ಸೋದರನ ಕಾಗದವನ್ನು ತಿರುಗಿಸಿ ನೋಡಿ, ಕೇಳಿದ ಒಂದು ಷಿಲ್ಲಿಂಗನ್ನು ಕೊಡಲಾರದೆ ಅಂಚೆಯವನಿಗೇ ಹಿಂದಿರುಗಿಸುತ್ತಿದ್ದುದನ್ನು ಕಂಡು, ಮರುಗಿ, ತಾನೇ ಹಣ ತೆತ್ತು ಬಿಡಿಸಿಕೊಟ್ಟನಂತೆ. ಅಂಚೆಯವನು ಮರೆಯಾದ ಮೇಲೆ ಅವಳು ಬಿಚ್ಚಿ ತೋರಿಸಿದರೆ ಒಳಗೆ ಒಂದಕ್ಷರವೂ ಇಲ್ಲ. ಮೂರು ತಿಂಗಳಿಗೊಮ್ಮೆ ಖಾಲಿ ಹಾಳೆಯೊಂದು ಬಂದರೆ ಸೋದರನು ಕ್ಷೇಮವೆಂದು ಅವರಿಬ್ಬರೊಳಗೆ ಒಪ್ಪಂದ. ಈ ಕಥೆಯನ್ನು ರೋಲಂಡ್ ಹಿಲ್ ತನ್ನ ಅಂಚೆಯ ಸುಧಾರಣೆಯ ವಾದಕ್ಕೆ ಬಳಸಿಕೊಂಡನು. ಒಂದು ಪೆನ್ನಿಯ ಮುಂಗಡ ಚೀಟಿ ಬಂದಾಗ ಆ ಖಾಲಿ ಹಾಳೆಯ ಅಗತ್ಯವೂ ಇಲ್ಲವಾಯಿತು. ಎತ್ತಬಾರದ ಕರೆಯನ್ನು ಕರುಣೆಯಿಂದ ಎತ್ತಿ ಕಾಸು ಕಳೆದುಕೊಂಡವರಲ್ಲಿ ಕೋಲ್‌ರಿಜನೇ ಮೊದಲಿಗನೆಂದು ನಾನು ಭಾವಿಸಿಕೊಂಡಿದ್ದೇನೆ.

ನಮ್ಮಲ್ಲಿ 1854ರಲ್ಲಿ ಅರ್ಧಾಣೆಯ ಅಂಚೆಯೂ, 1879ರಲ್ಲಿ ಕಾಲಾಣೆಯ ಕಾರ್ಡೂ ಬಂದವು. ಕಾರ್ಡಿನ ನಾಲ್ಕು ಮೂಲೆಗಳಿಗೆ ಅರಿಶಿನ ಹಚ್ಚಿದ್ದರೆ ಮದುವೆಯೋ ಮುಂಜಿಯೋ; ಅಂಚು ಸುಟ್ಟಿದ್ದರೆ ಸಾವು. ಓದು ಬಾರದ ಅಜ್ಜಿಯೂ ಅಂಚೆಯಣ್ಣನ ಕೈಯಲ್ಲಿರುವಾಗಲೇ ದೂರದಿಂದ ನೋಡಿ, ನಗಬೇಕೋ ಅಳಬೇಕೋ ಎಂಬುದನ್ನು ನಿರ್ಣಯಿಸಬಲ್ಲವಳಾಗಿದ್ದಳು. ಒಳಗಿನ ಅಕ್ಷರಕ್ಕಿಂತ ಮುಂಚೆ ಹೊರಗಿನ ಗುರುತು ಮಾತಾಡಬೇಕೆಂಬ ಈ ಸಂಸ್ಕಾರವುಳ್ಳ ಜನರ ಕೈಗೆ ದೂರವಾಣಿಯು ಬಂದದ್ದು ತೀರ ತಡವಾಗಿ. ಟ್ರಂಕ್ ಕಾಲನ್ನು ಬರೆಸಿ ಅರ್ಧ ದಿನ ಕಾದು, ಮೂರು ನಿಮಿಷದ ಲೆಕ್ಕದಲ್ಲಿ ಕಿರುಚಿ ಮಾತಾಡಿದ ತಲೆಮಾರು ಇನ್ನೂ ಅಲ್ಲಲ್ಲಿ ಉಂಟು. ತಮ್ಮ ಮನೆಯಲ್ಲಿ ಫೋನಿಲ್ಲದವರು ನೆರೆಮನೆಯ ನಂಬರನ್ನೇ 'ಪಿ.ಪಿ.' ಎಂಬ ಎರಡಕ್ಷರ ಸೇರಿಸಿ ತಮ್ಮ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದುದೂ ಉಂಟು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು, ತಂಪುಕೋಣೆಯ ಹಂಗಿಲ್ಲದೆ ಹಳ್ಳಿಯ ಬಿಸಿಲುಧೂಳುಗಳಲ್ಲೇ ಕೆಲಸಮಾಡತಕ್ಕ 128 ತಂತಿಗಳ ಪುಟ್ಟ ವಿನಿಮಯ ಕೇಂದ್ರವನ್ನು ರಚಿಸಿ, 1986ರಲ್ಲಿ ಅದನ್ನು ಮೊದಲಿಗೆ ನಮ್ಮ ಕಿತ್ತೂರಿನಲ್ಲಿಯೇ ಸ್ಥಾಪಿಸಿದ ತರುವಾಯ, ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಿಗೆ ಹಬ್ಬಿದವು. ಹೊತ್ತು ಬಹಳ ಮೀರಿದ ಮೇಲೆ ದರವು ಕಾಲುಭಾಗಕ್ಕೆ ಇಳಿಯುತ್ತಿದ್ದುದರಿಂದ, ಉಂಡು ಬಂದು, ಕೆಂಪು ಅಂಕಿಗಳು ಓಡುವುದನ್ನೇ ಎವೆಯಿಕ್ಕದೆ ನೋಡುತ್ತ, ಮುಂದಿನ ಅಂಕಿ ಬೀಳುವ ಮೊದಲೇ 'ಇಡ್ತೀನಿ' ಎಂದು ಮುಗಿಸುವ ಒಂದು ಸಂಭಾಷಣಾಶೈಲಿಯೇ ಅಲ್ಲಿ ಬೆಳೆಯಿತು. ಎರಡು ಸಲ ಗಂಟೆ ಹೊಡೆದು ನಿಂತರೆ 'ತಲುಪಿದೆ' ಎಂದರ್ಥ ಎಂಬ ಸಂಕೇತವು ಆಗಲೇ ಕೆಲವು ಮನೆಗಳಲ್ಲಿತ್ತು. ಆದರೆ ಆ ಕಾಲದ ಫೋನಿಗೆ ಮುಖವಿರಲಿಲ್ಲವಾಗಿ, ಬಾರಿಸಿದವರು ಯಾರೆಂಬುದನ್ನು ಊಹೆಗೇ ಬಿಡಬೇಕಾಗಿತ್ತು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ, ದಿಲ್ಲಿಯಲ್ಲಿದ್ದ ಕೇಂದ್ರಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆಯನ್ನು ಮಾಡಿದಾಗ, ನಿಮಿಷವೊಂದಕ್ಕೆ ದರ ಹದಿನಾರು ರೂಪಾಯಿಗಳವರೆಗಿತ್ತು. ಮಾತ್ರವಲ್ಲ, ಕರೆ ಬಂದದ್ದಕ್ಕೂ ಪಡೆದವನು ತೆರಬೇಕಾಗಿತ್ತು. ಯಾರೋ ತನ್ನನ್ನು ನೆನೆದ ಅಪರಾಧಕ್ಕೆ ತಾನು ದಂಡ ಕೊಡುವ ಈ ವ್ಯವಸ್ಥೆಯಲ್ಲಿ, ಬೆಂಗಳೂರಿನಲ್ಲಿ ಸ್ಪೈಸ್ ಮೊದಲಾದ ಕಂಪನಿಗಳ ಫೋನು ಹಿಡಿದವರು ಮೊಳಗುವ ಫೋನನ್ನು ಕತ್ತರಿಸಿ ಒಂದು ರೂಪಾಯಿಯ ಕಾಯಿನ್ ಬೂತಿಗೆ ಓಡುತ್ತಿದ್ದುದು ನನ್ನ ಕಣ್ಣಮುಂದಿದೆ. 2003ರಲ್ಲಿ ನಿಯಮ ಬದಲಾಯಿತು. ಒಳಬರುವ ಕರೆ ಉಚಿತವಾಗಿ, ಹೊರಹೋಗುವುದರ ವೆಚ್ಚ ಕರೆದವನ ಪಾಲಾಯಿತು. ಅದೇ ವರ್ಷ ರಿಲಯನ್ಸ್ 501 ರೂಪಾಯಿಗೆ ಫೋನು ಕೈಗಿಡುತ್ತೇನೆಂದು ಸಾರಿತು. ನೋಕಿಯಾ 1100 ಎಂಬ, ತಲೆಯಲ್ಲಿ ಟಾರ್ಚು ಹೊತ್ತ ಫೋನೂ ಅದೇ ವರ್ಷದ್ದು. ಮಿಸ್ ಕಾಲಿನ ಜನ್ಮವರ್ಷವನ್ನು ಹೇಳಲೇಬೇಕೆಂದು ಯಾರಾದರೂ ಪಟ್ಟು ಹಿಡಿದರೆ ನಾನು 2003 ಎನ್ನುವೆನು.

ಯಂತ್ರದ ರಹಸ್ಯ ಸರಳ. ನಾವು ನಂಬರನ್ನು ಒತ್ತಿದೊಡನೆ ಜಾಲವು ಆ ನಂಬರಿನವನು ಈಗ ಯಾವ ಗೋಪುರಗಳ ಸರಹದ್ದಿನಲ್ಲಿದ್ದಾನೆಂದು ತನ್ನ ದಫ್ತರದಲ್ಲಿ ನೋಡಿ, ಆ ಗೋಪುರಗಳ ಮೂಲಕ ಅವನ ಫೋನನ್ನು ಕೂಗಿ ಎಬ್ಬಿಸಿ, ಕರೆದವನ ನಂಬರನ್ನು ಅದರ ಮುಖದ ಮೇಲೆ ಬೆಳಗಿಸಿ, ಗಂಟೆ ಬಾರಿಸುತ್ತದೆ. ಆದರೆ ಲೆಕ್ಕ ಪ್ರಾರಂಭವಾಗುವುದು ಅವನು ಎತ್ತಿದ ಮೇಲೆ. ಅಂದರೆ ಹುಡುಕುವ, ಎಬ್ಬಿಸುವ, ಹೆಸರು ಹೇಳುವ ಕಷ್ಟದ ಕೆಲಸಗಳನ್ನೆಲ್ಲ ಕಂಪನಿ ಪುಕ್ಕಟೆಯಾಗಿ ಮಾಡಿ, ಬರಿಯ ಮಾತಿಗೆ ಮಾತ್ರ ಕಾಸು ಕೇಳುತ್ತಿತ್ತು. ಬಾಗಿಲು ತಟ್ಟುವುದಕ್ಕೆ ಸುಂಕವಿಲ್ಲ, ಒಳಗೆ ಕಾಲಿಟ್ಟರೆ ಉಂಟು ಎಂದ ಮೇಲೆ, ಜನರು ಬಾಗಿಲು ತಟ್ಟುವುದರಲ್ಲಿಯೇ ಒಂದು ಭಾಷೆಯನ್ನು ಕಟ್ಟಿಕೊಂಡುದು ಆಶ್ಚರ್ಯವಲ್ಲ.

ಆ ಭಾಷೆಯ ಕೋಶ ದೊಡ್ಡದಲ್ಲ, ಆದರೆ ನಿಷ್ಕೃಷ್ಟವಾದುದು. 'ಗೇಟಿನ ಹತ್ತಿರ ಇದ್ದೇನೆ, ಮಗುವನ್ನು ಕಳಿಸಿ'. 'ಅಡಿಗೆಯಾಯಿತು, ಮನೆಗೆ ಬಾ'. 'ಕರೆಂಟು ಬಂತು, ಮೋಟರು ಹಾಕು'. 'ನಿನ್ನ ನೆನಪಾಯಿತು': ಇವೆಲ್ಲವನ್ನೂ ಒಂದೇ ಮೊಳಗು ಹೇಳುತ್ತಿತ್ತು. ಹೊತ್ತನ್ನೂ ಕರೆದವರನ್ನೂ ನೋಡಿ ಅರ್ಥಮಾಡಿಕೊಳ್ಳತಕ್ಕದ್ದು. ಹೊಸಬರೊಡನೆ ಪರಿಚಯವಾದರೆ ನಂಬರನ್ನು ಬರೆದುಕೊಳ್ಳುವ ಬದಲು 'ಒಂದು ಮಿಸ್ ಕಾಲ್ ಕೊಡಿ, ಸೇವ್ ಮಾಡ್ಕೋತೀನಿ' ಎನ್ನುವುದು ಶಿಷ್ಟಾಚಾರವಾಯಿತು. ಹಾಸಿಗೆಯ ಮಡಿಕೆಯಲ್ಲಿ ಅಡಗಿದ ಫೋನನ್ನು ಹುಡುಕುವುದಕ್ಕೂ ಅದೇ ಉಪಾಯ. ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ತುಂಬಿಸುವ ಮಾತಿನ ಮೊತ್ತವನ್ನು ನಮ್ಮ ಹಳ್ಳಿಗಳಲ್ಲಿ 'ಕರೆನ್ಸಿ' ಎಂದೇ ಕರೆದರು. ಅರ್ಥಶಾಸ್ತ್ರಜ್ಞರಿಗೆ ಹೊಳೆಯದ ಸತ್ಯವೊಂದು ಆ ಪದಪ್ರಯೋಗದಲ್ಲಿದೆ. ಮಾತು ಅವರಿಗೆ ನಿಜವಾಗಿಯೂ ನಾಣ್ಯವಾಗಿತ್ತು, 'ಕರೆನ್ಸಿ ಖಾಲಿ' ಎಂದವನು ಮೌನದಲ್ಲಿ ವ್ಯವಹರಿಸಬೇಕಾಗಿತ್ತು.

ಯಾರು ಯಾರಿಗೆ ಮಿಸ್ ಕಾಲ್ ಕೊಡಬಹುದು ಎಂಬ ವಿಷಯದಲ್ಲಿ ಎಲ್ಲಿಯೂ ಬರೆಯದ ಒಂದು ಧರ್ಮಶಾಸ್ತ್ರವೇ ಇತ್ತು. ಮಗ ತಂದೆಗೆ ಕೊಡಬಹುದು, ತಂದೆ ಮಗನಿಗೆ ಕೊಟ್ಟರೆ ಮಗನಿಗೆ ನಾಚಿಕೆ. ವಿದ್ಯಾರ್ಥಿಯು ಗುರುವಿಗೆ, ನೌಕರನು ಸಾಹೇಬನಿಗೆ ಕೊಟ್ಟರೆ ಅಪಚಾರ. ಸಾಲ ಕೊಟ್ಟವನಿಗೆ ಸಾಲಗಾರನು ಕೊಟ್ಟರಂತೂ ಧಾರ್ಷ್ಟ್ಯದ ಪರಾಕಾಷ್ಠೆ. ಪ್ರೇಮಿಗಳಲ್ಲಿ ಕರೆಯತಕ್ಕವನು ಗಂಡು, ಮಿಸ್ ಕಾಲ್ ಕೊಡತಕ್ಕವಳು ಹೆಣ್ಣು. ಇದು ತಿರುವುಮುರುವಾದ ಪ್ರಣಯವನ್ನು ಗೆಳತಿಯರು ಸಂಶಯದಿಂದ ನೋಡುತ್ತಿದ್ದರು. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ತವರಿಗೆ ಹೋಗುತ್ತಿದ್ದ ಮಿಸ್ ಕಾಲ್. ಅತ್ತೆಯ ಮನೆಯಲ್ಲಿ ಫೋನಿನ ಖರ್ಚಿಗೆ ಲೆಕ್ಕ ಹೇಳಬೇಕಾಗಿದ್ದ ಹೆಣ್ಣುಮಗಳು ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಒಂದು ಮೊಳಗು ಕೊಟ್ಟು ಸುಮ್ಮನಾದರೆ, ಅಣ್ಣನು ಹೊಲದಲ್ಲಿದ್ದರೂ ಸಂತೆಯಲ್ಲಿದ್ದರೂ ತಿರುಗಿ ಕರೆಯುತ್ತಿದ್ದನು. ಗೌರಿಹಬ್ಬದ ಬಾಗಿನವನ್ನು ವರ್ಷಕ್ಕೊಮ್ಮೆ ಕಳಿಸುತ್ತಿದ್ದ ಮನೆಗಳಿಗೆ ಇದು ವಾರಕ್ಕೊಮ್ಮೆ ಸಲ್ಲಿಸಬೇಕಾದ ಇನ್ನೊಂದು ಬಾಗಿನವಾಯಿತು.

ಕಲೆಯೆಂದ ಮೇಲೆ ಅಪಾಯವೂ ಉಂಟು. ಆಚೆಯವನು ಫೋನನ್ನು ಕೈಯಲ್ಲೇ ಹಿಡಿದಿದ್ದು ಮೊದಲ ಮೊಳಗಿಗೇ ಎತ್ತಿದನೋ, ಒಂದು ರೂಪಾಯಿ ಹೋಯಿತು, 'ಅಯ್ಯೋ ಎತ್ತಿಬಿಟ್ಟ!' ಎಂಬ ಉದ್ಗಾರದಲ್ಲಿದ್ದ ಶೋಕ ನಿಜವಾದುದು. ಗೊತ್ತಿಲ್ಲದ ನಂಬರುಗಳಿಂದ ಹೆಂಗಸರಿಗೆ ಹಗಲಿರುಳೆನ್ನದೆ ಬರುತ್ತಿದ್ದ ಮಿಸ್ ಕಾಲುಗಳ ಪೀಡೆಯನ್ನು ಮಾತ್ರ ವಿನೋದದ ಸಾಲಿಗೆ ಸೇರಿಸಲು ಬಾರದು. ಅದರ ದೆಸೆಯಿಂದ ಎಷ್ಟೋ ಹುಡುಗಿಯರ ಕೈಯಿಂದ ಮನೆಯವರು ಫೋನನ್ನೇ ಕಿತ್ತಿಟ್ಟರು.

ಇದು ನಮ್ಮವರೊಬ್ಬರದೇ ಸೃಷ್ಟಿಯೆಂದು ಹೆಮ್ಮೆಪಡುವಂತಿಲ್ಲ. ಆಫ್ರಿಕದ ಹಲವು ದೇಶಗಳಲ್ಲಿ ಇದೇ ಆಚಾರಕ್ಕೆ 'ಬೀಪಿಂಗ್', 'ಫ್ಲಾಷಿಂಗ್' ಎಂಬ ಹೆಸರುಗಳಿದ್ದವು. ರುವಾಂಡದಲ್ಲಿ ಅದನ್ನು ಅಭ್ಯಾಸಮಾಡಿದ ಜೊನಾಥನ್ ಡಾನರ್ ಎಂಬ ವಿದ್ವಾಂಸರು 2007ರಲ್ಲಿ ಬರೆದ ಪ್ರಬಂಧವನ್ನು ಓದಿದರೆ, ಹಣವಂತನೇ ತಿರುಗಿ ಕರೆಯಬೇಕು ಮುಂತಾದ ಅಲ್ಲಿಯ ವಿಧಿನಿಷೇಧಗಳು ನಮ್ಮೂರಿನವೇ ಎನ್ನಿಸುತ್ತದೆ. ದಕ್ಷಿಣ ಆಫ್ರಿಕದಲ್ಲಿ ಕರೆನ್ಸಿಯಿಲ್ಲದ ಗೆಳತಿಯ ಸಂಕಟವನ್ನು ಕಂಡು, ತನಗೆ ಕರೆಮಾಡೆಂಬ ಪುಕ್ಕಟೆ ಸಂದೇಶದ ಯೋಜನೆಯನ್ನು ತನ್ನ ಕಂಪನಿಗೆ ಸೂಚಿಸಿದ ಎನ್ಕೊಸಾನ ಮಕಾಟೆ ಎಂಬ ಯುವಕನು ಅದರ ಪ್ರತಿಫಲಕ್ಕಾಗಿ ವ್ಯಾಜ್ಯ ಹೂಡಿ, 2016ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ ಗೆದ್ದನು.

ನಮ್ಮಲ್ಲಿ ಇದರ ಬೆಲೆಯನ್ನು ವರ್ತಕರೂ ರಾಜಕಾರಣಿಗಳೂ ತಡವಾಗಿಯಾದರೂ ಚೆನ್ನಾಗಿಯೇ ಅರಿತರು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್ ಎಂಬ ಸಂಸ್ಥೆಯು ಮಿಸ್ ಕಾಲನ್ನೇ ಸರಕನ್ನಾಗಿ ಮಾಡಿತು: ಜಾಹೀರಾತಿನ ನಂಬರಿಗೆ ಜನರು ಮಿಸ್ ಕಾಲ್ ಕೊಡುವುದು, ಕಂಪನಿ ತಾನಾಗಿ ಮರಳಿ ಸಂಪರ್ಕಿಸುವುದು. 2015ರ ಜನವರಿಯಲ್ಲಿ ಆ ಸಂಸ್ಥೆಯನ್ನು ಟ್ವಿಟರ್ ಕೊಂಡುಕೊಂಡಿತು. ವಿದ್ಯುತ್ತಿನ ಅಭಾವದಿಂದ ಟೆಲಿವಿಷನ್ ನಿಷ್ಪ್ರಯೋಜಕವಾಗಿದ್ದ ಬಿಹಾರದ ಹಳ್ಳಿಗಳಿಗೆ, ಮಿಸ್ ಕಾಲ್ ಕೊಟ್ಟವರನ್ನು ತಿರುಗಿ ಕರೆದು ಹಾಡುಹಾಸ್ಯಗಳನ್ನು ಕೇಳಿಸಿ ನಡುನಡುವೆ ಸಾಬೂನನ್ನು ಮಾರುವ 'ಕಾನ್ ಖಜೂರಾ ಟೇಸನ್' ಎಂಬ ಕಿವಿಯ ಆಕಾಶವಾಣಿಯನ್ನು ಹಿಂದೂಸ್ಥಾನ್ ಯೂನಿಲೀವರ್ ನಡೆಸಿತು. 2011ರ ಅಣ್ಣಾ ಹಜಾರೆಯವರ ಚಳವಳಿಯಲ್ಲಿ ಜನರು ಬೆಂಬಲವನ್ನು ಮಿಸ್ ಕಾಲಿನಲ್ಲಿಯೇ ಸೂಚಿಸಿದರು. 2014ರ ನವೆಂಬರಿನಲ್ಲಿ ಭಾರತೀಯ ಜನತಾ ಪಕ್ಷವು ಸದಸ್ಯತ್ವವನ್ನೇ ಮಿಸ್ ಕಾಲಿನಿಂದ ಕೊಡತೊಡಗಿ, ಸಂಖ್ಯೆಯು ಹತ್ತು ಕೋಟಿಯನ್ನು ಮೀರಿತೆಂದು ಸಾರಿತು.

ಇವುಗಳಿಗಿಂತ ಆದರಣೀಯವಾದ ಎರಡು ಉಪಯೋಗಗಳನ್ನು ಹೇಳದಿರಲಾರೆ. ಪುಣೆಯ ಸಂತೋಷ್ ಓಸ್ತವಾಲರ 'ನ್ಯಾನೋ ಗಣೇಶ'ದಂತಹ ಉಪಕರಣಗಳನ್ನು ಪಂಪಿನ ಪೆಟ್ಟಿಗೆಗೆ ಜೋಡಿಸಿದರೆ, ಅಪರಾತ್ರಿಯಲ್ಲಿ ತ್ರೀ ಫೇಸ್ ಬಂದಾಗ ರೈತನು ಹಾವುಹುಳುಗಳ ನಡುವೆ ಗದ್ದೆಗೆ ನಡೆಯದೆ, ಹಾಸಿಗೆಯಿಂದಲೇ ಫೋನು ಹಚ್ಚಿ ಮೋಟರನ್ನು ನಡೆಸಬಲ್ಲನು. ನಮ್ಮ ಬಯಲುಸೀಮೆಯಲ್ಲಿ ಇಂತಹವು 'ಮೊಬೈಲ್ ಸ್ಟಾರ್ಟರ್' ಎಂಬ ಹೆಸರಿನಿಂದ ಹಬ್ಬಿದವು. ಮತ್ತೊಂದು, 2010ರಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿಯವರು ಛತ್ತೀಸಗಢದಲ್ಲಿ ಆರಂಭಿಸಿದ 'ಸಿಜಿನೆಟ್ ಸ್ವರ'. ಪತ್ರಿಕೆಯೂ ರೇಡಿಯೋವೂ ತಮ್ಮ ಭಾಷೆಯಲ್ಲಿ ಮಾತಾಡದ ಕಾಡಿನ ಗೊಂಡರು, ಬೆಂಗಳೂರಿನ 080ರ ಒಂದು ನಂಬರಿಗೆ ಮಿಸ್ ಕಾಲ್ ಕೊಡುತ್ತಿದ್ದರು. ಇಲ್ಲಿಯ ಯಂತ್ರವು ತಿರುಗಿ ಕರೆದು, ಕೂಲಿ ಬಾರದ, ಕೈಪಂಪು ಕೆಟ್ಟ ಅವರ ಸುದ್ದಿಯನ್ನು ಅವರ ದನಿಯಲ್ಲಿಯೇ ಹಿಡಿದಿಟ್ಟು ಉಳಿದವರಿಗೆ ಕೇಳಿಸುತ್ತಿತ್ತು. ನಮ್ಮ ನಗರದ ನಡುವೆ ಹೀಗೊಂದು ಗಂಟೆ ಬಾರಿಸುತ್ತಿದ್ದುದು ನಮಗೆ ತಿಳಿದೇ ಇರಲಿಲ್ಲ.

ಅವಸಾನವು ಮಾತು ಅಗ್ಗವಾದಂತೆ ಬಂದಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆಯೆಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತಿಗೆ ಬೆಲೆಯೇ ಇಲ್ಲವೆಂದಿತು. ಬಡವರು ಈ ವಿದ್ಯೆಯನ್ನು ಮರೆಯತೊಡಗಿದಾಗಲೇ ಕಂಪನಿಗಳು ಅದನ್ನು ಕಲಿತದ್ದು ವಿಧಿಯ ವಿನೋದ. ತನ್ನ ಗಿರಾಕಿಯು ಬೇರೆ ಜಾಲದವನಿಗೆ ಕರೆದರೆ ಕಂಪನಿಯು ಆ ಜಾಲಕ್ಕೆ ನಿಮಿಷಕ್ಕೆ ಆರು ಪೈಸೆ ತೆರಬೇಕೆಂಬ ನಿಯಮ ಆಗ ಇದ್ದುದರಿಂದ, ಗಂಟೆಯನ್ನು ಬೇಗನೆ ನಿಲ್ಲಿಸಿದರೆ ಕರೆಯು ತಪ್ಪಿ, ಆಚೆಯವನೇ ತಿರುಗಿ ಕರೆದು, ಆ ಆರು ಪೈಸೆ ಈಚೆಗೆ ಬರುವುದಷ್ಟೆ! 2019ರಲ್ಲಿ ಹೀಗೆ ಮೊಳಗಿನ ಅವಧಿ ಇಪ್ಪತ್ತು ಇಪ್ಪತ್ತೈದು ಸೆಕೆಂಡುಗಳಿಗೆ ಇಳಿಯಿತು; ಕೋಟ್ಯಧಿಪತಿಗಳು ತಮಗೆ ಮಿಸ್ ಕಾಲ್ ಕೊಡುತ್ತಿದ್ದಾರೆಂದು ಪರಸ್ಪರ ದೂರಿಕೊಂಡರು; ನಿಯಂತ್ರಣ ಪ್ರಾಧಿಕಾರವು ನಡುವೆ ಬಂದು, ಮೊಬೈಲು ಮೂವತ್ತು ಸೆಕೆಂಡು, ಸ್ಥಿರದೂರವಾಣಿಯು ಅರವತ್ತು ಸೆಕೆಂಡು ಮೊಳಗತಕ್ಕದ್ದೆಂದು ಶಾಸನ ಮಾಡಿತು. 2021ರ ಜನವರಿಯಿಂದ ಆ ಆರು ಪೈಸೆಯೂ ಹೋಯಿತು.

ನಮ್ಮ ಬೀದಿಗೆ ಬೆಳಗ್ಗೆ ಎಂಟೂಕಾಲಕ್ಕೆ ಶಾಲೆಯ ವ್ಯಾನೊಂದು ಬರುತ್ತದೆ. ಚಾಲಕನು ಎದುರು ಮನೆಯ ಮುಂದೆ ನಿಲ್ಲಿಸಿ, ಒಂದು ಮೊಳಗು ಕೊಟ್ಟು, ಕತ್ತರಿಸಿ, ಸ್ಟೀರಿಂಗಿನ ಮೇಲೆ ಕೈಯಿಟ್ಟು ಕುಳಿತಿರುತ್ತಾನೆ. ಈಗ ಎಷ್ಟು ಮಾತಾಡಿದರೂ ಕಾಸಿಲ್ಲವಲ್ಲಪ್ಪ, ಕರೆದು ಹೇಳಬಾರದೆ ಎಂದು ಒಂದು ದಿನ ಕೇಳಿದೆನು. 'ಹೇಳೋಕೇನಿದೆ ಸಾರ್, ಬಂದೆ ಅಂತ ಗೊತ್ತಾದ್ರೆ ಆಯ್ತಲ್ಲ' ಎಂದವನು, ಹುಡುಗ ಮೆಟ್ಟಿಲಿಳಿದು ಬರುವಷ್ಟರಲ್ಲಿ ಮುಂದಿನ ಮನೆಯ ನಂಬರನ್ನು ಒತ್ತುತ್ತಿದ್ದನು.