ಚರಿಗೆಯಿಂದ ತಿಂಡಿಬೀದಿಗೆ: ಅಪರಿಚಿತ ಊರಿನಲ್ಲಿ ಅನ್ನದ ನಡಿಗೆ

ಅಪರಿಚಿತ ನಗರವೊಂದರ ಬೀದಿಗಳಲ್ಲಿ ಮಾರ್ಗದರ್ಶಕನ ಹಿಂದೆ ನಡೆಯುತ್ತ, ಅಂಗಡಿಯಿಂದ ಅಂಗಡಿಗೆ ನಿಂತು ಅಲ್ಲಲ್ಲಿಯ ತಿನಿಸುಗಳ ರುಚಿ ನೋಡುವ ‘ಫುಡ್ ವಾಕ್’ ಇಂದು ಪ್ರವಾಸೋದ್ಯಮದ ಒಂದು ಅಂಗವಾಗಿದೆ. ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿಬೀದಿ, ಬಸವನಗುಡಿಯ ಗಾಂಧಿಬಜಾರು, ಚಿಕ್ಕಪೇಟೆಯ ಓಣಿಗಳು ಇಂತಹ ನಡಿಗೆಗೆ ಹೆಸರಾದ ತಾಣಗಳು. ಈ ಪದ್ಧತಿ ಹೊಸದಾದರೂ ಅದರ ಹಿಂದಿರುವ ಪ್ರಶ್ನೆ ಹಳೆಯದು. ಗುರುತಿಲ್ಲದ ಊರಿನಲ್ಲಿ ನಡೆದು ಬಂದವನಿಗೆ ಅನ್ನ ಎಲ್ಲಿ ದೊರೆಯುತ್ತದೆ? ಕೊಡುವವರು ಯಾರು, ಯಾವ ಕಟ್ಟಳೆಗೆ ಒಳಪಟ್ಟು ಕೊಡುತ್ತಾರೆ? ಕನ್ನಡ ಸಾಹಿತ್ಯ ಈ ಪ್ರಶ್ನೆಯನ್ನು ಸಾವಿರ ವರ್ಷಗಳಿಂದ ಕೇಳುತ್ತ ಬಂದಿದೆ.

ಹಳಗನ್ನಡದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಪದವಿದೆ: ‘ಚರಿಗೆ’. ಮುನಿಗಳು ಆಹಾರಕ್ಕಾಗಿ ಊರೊಳಗೆ ಸಂಚರಿಸುವುದೇ ಚರಿಗೆ. ದಿಗಂಬರ ಮುನಿ ದಿನಕ್ಕೆ ಒಂದೇ ಹೊತ್ತು, ನಿಂತು, ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುತ್ತಾನೆ. ಬೇಡುವಂತಿಲ್ಲ, ತನಗಾಗಿ ಅಡುಗೆ ಮಾಡಿಸಿಕೊಳ್ಳುವಂತಿಲ್ಲ. ಹೂವಿಗೆ ನೋವಾಗದಂತೆ ಮಕರಂದ ಹೀರುವ ದುಂಬಿಯ ಹೋಲಿಕೆಯಿಂದ ಇದನ್ನು ಭ್ರಾಮರೀ ವೃತ್ತಿ ಎನ್ನುತ್ತಾರೆ. ಗೃಹಸ್ಥನು ಬಾಗಿಲಲ್ಲಿ ನಿಂತು ವಿಧಿಪೂರ್ವಕವಾಗಿ ಬರಮಾಡಿಕೊಂಡರೆ ಮಾತ್ರ ಆ ಮನೆಯಲ್ಲಿ ಆಹಾರ, ಇಲ್ಲದಿದ್ದರೆ ಅಂದು ಉಪವಾಸ. ಇಲ್ಲಿ ದಾರಿ ತೋರಿಸುವವನೂ ಇಲ್ಲ, ಬೆಲೆಯೂ ಇಲ್ಲ. ನಡೆಯುವವನ ಸಂಯಮ ಮತ್ತು ಕೊಡುವವನ ತಿಳಿವಳಿಕೆ ಎರಡೇ ಈ ವ್ಯವಸ್ಥೆಯ ಆಧಾರ.

ತಿಳಿವಳಿಕೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಂಪನ ‘ಆದಿಪುರಾಣ’ದಲ್ಲಿ (941) ಬರುವ ವೃಷಭನಾಥನ ಪ್ರಸಂಗವೇ ಸಾಕ್ಷಿ. ದೀರ್ಘ ಉಪವಾಸದ ಬಳಿಕ ಆತ ಊರೂರು ನಡೆದರೂ ಮುನಿಗೆ ಏನನ್ನು ಕೊಡಬೇಕೆಂಬುದು ಜನರಿಗೆ ತಿಳಿಯದು. ಅವರು ರತ್ನ, ವಸ್ತ್ರ, ವಾಹನಗಳನ್ನು ತಂದೊಡ್ಡುತ್ತಾರೆ. ಕೊನೆಗೆ ಹಸ್ತಿನಾಪುರದ ಶ್ರೇಯಾಂಸನು ಜನ್ಮಾಂತರದ ಸ್ಮರಣೆಯಿಂದ ದಾನವಿಧಿಯನ್ನರಿತು ಕಬ್ಬಿನ ರಸವನ್ನು ನೀಡುತ್ತಾನೆ. ಜೈನರ ಅಕ್ಷಯ ತೃತೀಯೆಯ ಆಚರಣೆಗೆ ಈ ಪ್ರಸಂಗವೇ ಮೂಲ. ಊರಿನ ತುಂಬ ಸಂಪತ್ತಿದ್ದರೂ ತಿಳಿದವನೊಬ್ಬನಿಲ್ಲದೆ ಬಂದವನ ಹಸಿವು ತಣಿಯುವುದಿಲ್ಲ ಎಂಬ ಅರಿವು ಈ ಕಥೆಯಲ್ಲಿದೆ.

ಅಪರಿಚಿತ ಊರಿನ ಭಯವನ್ನು ಚಿತ್ರಿಸಿದವನು ಜನ್ನ. ‘ಯಶೋಧರ ಚರಿತೆ’ಯಲ್ಲಿ (1209) ಅಭಯರುಚಿ ಮತ್ತು ಅಭಯಮತಿ ಎಂಬ ಎಳೆಯರು ಗುರು ಸುದತ್ತಾಚಾರ್ಯರ ಅನುಮತಿ ಪಡೆದು ಚರಿಗೆಗಾಗಿ ರಾಜಪುರವನ್ನು ಹೊಗುತ್ತಾರೆ. ಚಂಡಮಾರಿಯ ಜಾತ್ರೆಗೆ ನರಬಲಿಯನ್ನು ಅರಸುತ್ತಿದ್ದ ಚಂಡಕರ್ಮ ಅವರನ್ನೇ ಹಿಡಿದೊಯ್ಯುತ್ತಾನೆ. ಅನ್ನವನ್ನರಸಿ ಬಂದವರೇ ದೇವತೆಗೆ ಅನ್ನವಾಗುವ ಈ ಸನ್ನಿವೇಶದಲ್ಲಿ ಅವರು ಹೇಳುವ ಕಥೆಯ ಕೇಂದ್ರವೂ ಒಂದು ತಿನಿಸಿನ ರೂಪವೇ, ಹಿಟ್ಟಿನ ಕೋಳಿ. ಆತಿಥ್ಯವು ಹಿಂಸೆಯಾಗಿ ಮಾರ್ಪಡಬಲ್ಲುದು ಎಂಬ ಎಚ್ಚರ ನಮ್ಮ ಕಾವ್ಯಪರಂಪರೆಗೆ ಮೊದಲಿನಿಂದಲೂ ಇದೆ.

ಜನ್ನನಿಗೆ ಆಶ್ರಯವಿತ್ತ ಹೊಯ್ಸಳರ ಮೂಲನೆಲೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಶಾಸನಗಳ ಸೊಸೆವೂರು. ಗೋಣಿಬೀಡಿನ ಸೀಮೆಗೆ ಇದು ದೂರದ ಊರಲ್ಲ. ಸಳನ ಐತಿಹ್ಯದ ಮುನಿಯ ಹೆಸರೂ ಸುದತ್ತನೇ ಆಗಿರುವುದು ಕುತೂಹಲಕರ. ಅಂಗಡಿ ಎಂಬ ಹೆಸರಿನ ಬೆನ್ನುಹತ್ತಿ ಬಂದವರಿಗೆ ಇಲ್ಲಿ ಕಾಣುವುದು ಹಳೆಯ ಬಸದಿಗಳು, ವಾಸಂತಿಕೆಯ ಗುಡಿ, ಸುತ್ತಲೂ ಕಾಫಿತೋಟ. ಸಾಲು ಸಾಲು ತಿಂಡಿಯಂಗಡಿಗಳ ಬೀದಿಯಲ್ಲ. ಮಲೆನಾಡಿನ ವಸತಿವಿನ್ಯಾಸವೇ ಇದಕ್ಕೆ ಕಾರಣ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ತೋಟ, ಕಾನು. ಕಡುಬು, ಅಕ್ಕಿರೊಟ್ಟಿ, ಪತ್ರೊಡೆ, ಮಳೆಗಾಲದ ಕಳಲೆ ಮತ್ತು ಅಣಬೆಯ ಪಲ್ಯ, ಅಪ್ಪೆಮಿಡಿಯ ಉಪ್ಪಿನಕಾಯಿ ಇವೆಲ್ಲ ಮನೆಯೊಳಗಿನ ಅಡುಗೆಗಳು. ಇಲ್ಲಿ ಅನ್ನಕ್ಕಾಗಿ ನಡೆಯುವುದೆಂದರೆ ಒಬ್ಬರ ಜಗುಲಿಯನ್ನು ಹತ್ತುವುದು. ಬೀದಿಯಿಲ್ಲದ ನಾಡಿನಲ್ಲಿ ಊಟವು ಸಂಬಂಧವನ್ನು ಬೇಡುತ್ತದೆ.

ನಮ್ಮ ಪಾಕಗ್ರಂಥಗಳೂ ಬೀದಿಯನ್ನು ಕುರಿತು ಬರೆದವಲ್ಲ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ಗೃಹಸ್ಥನ ಉಪಯೋಗಕ್ಕೆಂದು ಸೂಪಶಾಸ್ತ್ರವನ್ನು ಒಳಗೊಂಡಿದೆ. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ (ಸು. 1129) ಅನ್ನಭೋಗ ಪ್ರಕರಣ ಅರಮನೆಯ ಪಂಕ್ತಿಯನ್ನು ವರ್ಣಿಸುತ್ತದೆ. ಮೂರನೆಯ ಮಂಗರಸನು 16ನೆಯ ಶತಮಾನದ ಆದಿಭಾಗದಲ್ಲಿ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿ ಪಿಷ್ಟಪಾಕ, ಪಾನಕ, ಶಾಕಪಾಕಗಳನ್ನು ವಿವರಿಸಿದನು. ಸರಿಸುಮಾರು ಅದೇ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನೋಡಿದ್ದು ಧಾನ್ಯ, ಬೇಳೆಕಾಳುಗಳಿಂದ ತುಂಬಿದ್ದ ಪೇಟೆಗಳನ್ನು. ಅಡುಗೆಮನೆಯನ್ನು ಬರೆದವನು ಒಳಗಿನವನು, ಪೇಟೆಯನ್ನು ಬರೆದವನು ಹೊರಗಿನವನು. ಆಹಾರದ ಚರಿತ್ರೆಯನ್ನು ಅಭ್ಯಾಸ ಮಾಡುವವರು ಈ ಎರಡು ಬಗೆಯ ಆಕರಗಳನ್ನೂ ಜೊತೆಯಲ್ಲಿಟ್ಟು ಓದಬೇಕಾಗುತ್ತದೆ.

ಬೇಯಿಸಿದ ಅನ್ನವನ್ನು ಹಣಕ್ಕೆ ಕೊಂಡು, ಗುರುತಿಲ್ಲದವರ ಪಕ್ಕದಲ್ಲಿ ಕುಳಿತು ಉಣ್ಣುವ ರೂಢಿ ನಮ್ಮ ನಗರಗಳಲ್ಲಿ ವ್ಯಾಪಕವಾದದ್ದು ಹೋಟೆಲುಗಳು ಬಂದ ಮೇಲೆ. ಕರಾವಳಿಯಿಂದ ಬಂದ ಅಡುಗೆಯವರು ಇದರಲ್ಲಿ ದೊಡ್ಡ ಪಾತ್ರ ವಹಿಸಿದರು. ಪರಂಪಳ್ಳಿಯ ಮೈಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಬ್ರಾಹ್ಮಣ್ ಕಾಫಿ ಕ್ಲಬ್’ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಮೊದಲ ಹೆಸರಿನಲ್ಲಿದ್ದ ‘ಬ್ರಾಹ್ಮಣ’ ಪದವನ್ನು ಇಂದಿನ ಕಿವಿ ಸುಲಭವಾಗಿ ದಾಟಿಹೋಗುತ್ತದೆ. ಅಂದು ಅದು ಅಡುಗೆಯ ಮಡಿಯನ್ನು ಸಾರುವ ಭರವಸೆಯಾಗಿತ್ತು. ಆ ದಶಕಗಳಲ್ಲಿ ದಕ್ಷಿಣ ಭಾರತದ ಹಲವು ಹೋಟೆಲುಗಳು ಬ್ರಾಹ್ಮಣರಿಗೆ ಬೇರೆ ಸ್ಥಳ ಇಟ್ಟಿದ್ದವು. ದಲಿತರಿಗೆ ಒಳಗೆ ಪ್ರವೇಶವೇ ಕಷ್ಟವಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15(2)ನೆಯ ವಿಧಿಯು ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಹೆಸರೆತ್ತಿ ಅಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದು ಹೇಳಬೇಕಾಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ತಡೆಯುವುದನ್ನು ಶಿಕ್ಷಾರ್ಹಗೊಳಿಸಿತು.

ಈ ಹಿನ್ನೆಲೆಯಲ್ಲಿ ನೋಡಿದರೆ, ಗುರುತಿಲ್ಲದ ಹತ್ತು ಮಂದಿ ಒಂದೇ ಮೇಜಿನ ಸುತ್ತ ನಿಂತು ಒಂದು ದೋಸೆಯನ್ನು ಹಂಚಿಕೊಳ್ಳುವ ಇಂದಿನ ನೋಟ ಸಾಮಾನ್ಯವಾದುದಲ್ಲ. ನೂರು ವರ್ಷಗಳ ಹಿಂದೆ ಅದನ್ನು ಊಹಿಸುವುದೂ ಕಷ್ಟವಿತ್ತು. ಆದರೆ ಮಾರ್ಗದರ್ಶಕನ ಮಾತಿನಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಸ್ಥಾಪನೆಯ ವರ್ಷ, ಬಂದುಹೋದ ಗಣ್ಯರು, ಗುಟ್ಟಾಗಿ ಕಾಯ್ದ ಪುಡಿಯ ಹದ. ಬಾಗಿಲು ಯಾರಿಗೆ ಯಾವಾಗ ತೆರೆಯಿತು ಎಂಬುದು ಅದರಲ್ಲಿ ಬರುವುದು ವಿರಳ. ನಡಿಗೆಯ ಕೊನೆಗೆ ಬರುವ ಕಾಫಿಯ ಮಾತೂ ಹೀಗೆಯೇ. ಬಾಬಾ ಬುಡನ್ ಏಳು ಬೀಜಗಳನ್ನು ತಂದ ಐತಿಹ್ಯವನ್ನು ಎಲ್ಲರೂ ಹೇಳುತ್ತಾರೆ. ಗೋಣಿಬೀಡು, ಮೂಡಿಗೆರೆ, ಕಳಸದ ತೋಟಗಳಲ್ಲಿ ಹೂಮಳೆಗೆ ಕಾಯುವ ಬೆಳೆಗಾರ, ಚಳಿಗಾಲದಲ್ಲಿ ಹಣ್ಣು ಕೊಯ್ಯುವ ಕೂಲಿಲೈನಿನ ಹೆಂಗಸರು, ಕಣದಲ್ಲಿ ಬೀಜ ಹರಡಿ ಒಣಗಿಸುವವರು ಆ ಲೋಟದ ಕಥೆಯೊಳಗೆ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಉಂಟು. ತಿಂಡಿಬೀದಿಗಳು ಕಳೆಗಟ್ಟುವುದು ಸೂರ್ಯಾಸ್ತದ ನಂತರ. ರಾತ್ರಿಭೋಜನವನ್ನು ತ್ಯಜಿಸಿದವರಿಗೆ ಆ ಬೀದಿ ದೀಪ ಹೊತ್ತಿದ ಕ್ಷಣವೇ ಮುಚ್ಚಿದಂತೆ. ಅಂಗಡಿಯ ಫಲಕದಲ್ಲಿ ‘ಜೈನ್ ಪಾವ್‌ಭಾಜಿ’ ಎಂದಿರುತ್ತದೆ. ಅದರರ್ಥ ಈರುಳ್ಳಿ ಬೆಳ್ಳುಳ್ಳಿಯಂಥ ಪದಾರ್ಥಗಳನ್ನು ಹಾಕಿಲ್ಲ ಎಂದಷ್ಟೆ. ಹೊತ್ತು, ಸೋಸಿದ ನೀರು, ಜೀವದಯೆ ಇವೆಲ್ಲ ಸೇರಿದ್ದ ಒಂದು ಆಹಾರವಿಚಾರ ಕೆಲವು ಪದಾರ್ಥಗಳ ಗೈರುಹಾಜರಿಗೆ ಇಳಿದಿದೆ. ಪೇಟೆ ಪರಂಪರೆಗಳನ್ನು ಉಳಿಸುವುದೂ ಹೀಗೆಯೇ, ಕುಗ್ಗಿಸುವುದೂ ಹೀಗೆಯೇ. ಮಲೆನಾಡಿನ ಕಡುಬು ನಗರದ ಫಲಕಕ್ಕೆ ಏರಿದಾಗಲೂ ಆಗುವುದು ಇದೇ.

ಚರಿಗೆಯಲ್ಲಿ ನಡೆಯುವವನಿಗೆ ಆಯ್ಕೆಯ ಅಧಿಕಾರವಿರಲಿಲ್ಲ. ಇಂದಿನ ನಡಿಗೆಯಲ್ಲಿ ಹಣ ಕೊಟ್ಟವನದೇ ಆಯ್ಕೆ. ಎರಡೂ ಒಂದೇ ಎನ್ನುವುದು ಈ ಬರಹದ ಆಶಯವಲ್ಲ. ಆದರೆ ಎರಡರಲ್ಲಿಯೂ ಶ್ರೇಯಾಂಸನಂಥ ತಿಳಿದವನೊಬ್ಬನ ಅಗತ್ಯವಿದೆ. ಶ್ರೇಯಾಂಸನಿಗೆ ನೆರವಾದದ್ದು ಹಿಂದಿನದರ ಸ್ಮರಣೆ. ಬೀದಿಯನ್ನು ತೋರಿಸುವವರಿಗೂ ಬೇಕಾದದ್ದು ಅದೇ. ಈ ನಡಿಗೆಗಳು ಇಂದು ಇತಿಹಾಸವನ್ನು ಜನಸಾಮಾನ್ಯರಿಗೆ ತಲುಪಿಸುವ ಪ್ರಭಾವಿ ಮಾಧ್ಯಮವಾಗುತ್ತಿವೆ. ಪುಸ್ತಕ ಓದದವರೂ ಇಲ್ಲಿ ಕೇಳಿದ್ದನ್ನು ಚರಿತ್ರೆಯೆಂದು ನಂಬಿ ಮನೆಗೊಯ್ಯುತ್ತಾರೆ. ಆದುದರಿಂದ ಸಾಹಿತ್ಯದ ವಿದ್ಯಾರ್ಥಿಗಳೂ ಸಂಶೋಧಕರೂ ಈ ಕ್ಷೇತ್ರವನ್ನು ಹಗುರವಾಗಿ ಕಾಣಬಾರದು. ‘ಸೂಪಶಾಸ್ತ್ರ’ವನ್ನೂ ಹೋಟೆಲಿನ ಹಳೆಯ ನಾಮಫಲಕವನ್ನೂ ತೋಟದ ಕೂಲಿಪಟ್ಟಿಯನ್ನೂ ಒಟ್ಟಿಗೆ ಓದಬಲ್ಲವರು ಆ ಬೀದಿಗಳಲ್ಲಿ ಮಾತನಾಡುವಂತಾಗಬೇಕು.