ಹಳೆಯ ಜೀಪು: ತಿದ್ದಬೇಕೋ, ಬಿಡಬೇಕೋ?



ಮುಂಗಾರಿನ ಮಳೆ ಹಿಡಿದ ಮೇಲೆ ಎರೆ ಹೊಲದಾಗ ನಡೆದವರಿಗೆ ಆ ಮಣ್ಣಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೀದರ ಪಟ್ಟಣವೇನೋ ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ ಕುಳಿತಿದೆ. ಅಲ್ಲಿ ನೀರು ನಿಲ್ಲುವುದಿಲ್ಲ, ಗಾಲಿ ಹುಗಿಯುವುದಿಲ್ಲ. ಆದರೆ ದಿಬ್ಬ ಇಳಿದು ಭಾಲ್ಕಿಯ ಕಡೆಗೆ, ಔರಾದದ ಕಡೆಗೆ ಹೊರಟಿರೋ, ಕಾರಂಜಾ ಮತ್ತು ಮಾಂಜ್ರಾ ಹೊಳೆಗಳ ಕರಿನೆಲ ಶುರುವಾಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆಯುವ ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಅಂಟಾಗಿ ಗಾಲಿಯನ್ನು ಹಿಡಿದುಕೊಂಡು ಬಿಡುತ್ತದೆ. ಇಂಥ ನೆಲದಲ್ಲಿ ಹಿಂದೆಲ್ಲ ನಡೆಯಬಲ್ಲದ್ದು ಒಂದೇ ವಾಹನ, ಅದು ದೇವಣಿ ಎತ್ತು ಕಟ್ಟಿದ ಬಂಡಿ. ಅದರ ಬೆನ್ನಿಗೆ ಬಂದದ್ದು ಜೀಪು.

ಆ ಜೀಪಿಗೆ ಈಗ ವಯಸ್ಸಾಗಿದೆ. ಹಳೆಯ ಮಾದರಿಯನ್ನು ತಿದ್ದಿ ಹೊಸದು ಮಾಡಬೇಕೋ, ಇಲ್ಲ ಸಾಕು ಅಂತ ನಿಲ್ಲಿಸಬೇಕೋ ಎಂಬ ಮಾತು ದೇಶದಲ್ಲೂ ಹೊರದೇಶದಲ್ಲೂ ಬಹಳ ದಿನ ನಡೆದಿದೆ. "ಅಲ್ರೀ, ಕಾರ್ಖಾನೆಯವರ ಮಾತು ನಮಗ್ಯಾಕ?" ಎಂದು ನೀವು ಕೇಳಬಹುದು. ನಿಮ್ಮ ಹಟ್ಟಿಯಲ್ಲಿ ಹಳೆಯ ನೇಗಿಲಿದೆ, ಮುದಿ ಎತ್ತಿದೆ, ಅಜ್ಜನ ಕಾಲದ ಬಂಡಿ ಇದೆ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ನಿಮಗೂ ದಿನಾ ಬರುವಂಥದ್ದೇ. ಜೀಪಿನ ಕಥೆ ಅದಕ್ಕೊಂದು ದಾರಿ ತೋರಿಸೀತು.

ಜೀಪು ಹುಟ್ಟಿದ್ದು ಯುದ್ಧದಲ್ಲಿ. 1940ರಲ್ಲಿ ಅಮೇರಿಕದ ಸೈನ್ಯ, ಎಲ್ಲಿ ಬೇಕಾದರೂ ಹೋಗಬಲ್ಲ ಹಗುರವಾದ ಗಾಡಿ ಬೇಕೆಂದು 135 ಕಂಪನಿಗಳನ್ನು ಕೇಳಿತು. ಬಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿ ಮಾಡಿ ಕೊಟ್ಟಿತು. 1941ರಿಂದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಇದನ್ನು ರಾಶಿ ರಾಶಿಯಾಗಿ ತಯಾರಿಸಿದವು. ಯುದ್ಧ ಮುಗಿಯುವಷ್ಟರಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಿದ್ದಿದ್ದವು.

ಇದರ ಗುಟ್ಟೇನು? ಸಾಧಾರಣ ಮೋಟಾರಿನಲ್ಲಿ ಎಂಜಿನ್ನಿನ ಬಲ ಎರಡೇ ಗಾಲಿಗೆ ಹೋಗುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ಬಲವಿದ್ದ ಗಾಲಿ ಕೆಸರಿನಲ್ಲಿ ಕೂತಿತೆಂದರೆ ಅಲ್ಲೇ ತಿರುಗಿ ತಿರುಗಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಜೀಪಿನಲ್ಲಿ ಇನ್ನೊಂದು ಸನ್ನೆ ಎಳೆದರೆ ಮುಂದಿನ ಗಾಲಿಗಳಿಗೂ ಬಲ ಸಿಗುತ್ತದೆ. ಎರಡೆತ್ತಿನ ಬಂಡಿಗೆ ಇನ್ನೆರಡು ಎತ್ತು ಕಟ್ಟಿದ ಹಾಗೆ ಎಂದು ತಿಳಿಯಿರಿ. ಇದರ ಜತೆಗೆ ವೇಗ ಇಳಿಸಿ ಜಗ್ಗುವ ಬಲ ಏರಿಸುವ ಕೆಳಗಿನ ಗೇರು ಬೇರೆ. ನಿಧಾನ, ಆದರೆ ಗಟ್ಟಿ.

ಯುದ್ಧ ಮುಗಿದ ಮೇಲೆ ಈ ಗಾಡಿಗೆ ಯಾರು ಗಿರಾಕಿ? ಕಂಪನಿಯವರು ರೈತನ ಕಡೆ ತಿರುಗಿದರು. 1945ರಲ್ಲಿ ವಿಲ್ಲಿಸ್ ಕಂಪನಿ ನಾಗರಿಕರ ಜೀಪು ಹೊರತಂದಿತು. ಉಳುವುದಕ್ಕೂ ಅದೇ, ಯಂತ್ರ ತಿರುಗಿಸುವುದಕ್ಕೂ ಅದೇ, ಸಂತೆಗೆ ಹೋಗುವುದಕ್ಕೂ ಅದೇ ಎಂದು ಸಾರಿತು. ಇಂಗ್ಲೆಂಡಿನಲ್ಲಿ ಮೋಟಾರು ಕಂಪನಿಯೊಂದರ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ಎಂಬುವರು ತಮ್ಮ ಹೊಲದಲ್ಲಿ ಯುದ್ಧದ ಹಳೆಯ ಜೀಪು ಇಟ್ಟುಕೊಂಡಿದ್ದರು. ಅದನ್ನು ನೋಡಿಯೇ ಅವರು 1948ರಲ್ಲಿ ಲ್ಯಾಂಡ್ ರೋವರ್ ಗಾಡಿಯನ್ನು ಹೊರತಂದರು. ಉಕ್ಕಿಗೆ ಬರವಿದ್ದ ಕಾಲ ಅದು. ಹಾಗಾಗಿ ಮೈಯನ್ನು ಅಲ್ಯೂಮಿನಿಯಮ್ಮಿನಿಂದ ಮಾಡಿದರು. ಹೀಗೆ ಎರಡೂ ಗಾಡಿಗಳು ಒಕ್ಕಲುತನದ ಹೆಸರು ಹೇಳಿಕೊಂಡೇ ಮಾರುಕಟ್ಟೆಗೆ ಬಂದವು. ಆದರೆ ಉಳುಮೆಯಲ್ಲಿ ಜೀಪು ಗೆಲ್ಲಲಿಲ್ಲ. ನೆಲ ಹಿಡಿದು ಎಳೆಯುವುದಕ್ಕೆ ದೊಡ್ಡ ಗಾಲಿಯ ಟ್ರ್ಯಾಕ್ಟರೇ ಮೇಲೆಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಒಂದು ಗಾಡಿ ಎಲ್ಲ ಕೆಲಸವನ್ನೂ ಮಾಡಲಾರದು ಎಂಬ ಪಾಠ ಅಲ್ಲೇ ಸಿಕ್ಕಿತು.

ನಮ್ಮ ದೇಶಕ್ಕೆ ಬರೋಣ. 1945ರಲ್ಲಿ ಲೂಧಿಯಾನದಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಉಕ್ಕಿನ ವ್ಯಾಪಾರದ ಕಂಪನಿ ಹುಟ್ಟಿತು. ಪಾಲುದಾರರಲ್ಲಿ ಒಬ್ಬರಾದ ಮಲಿಕ್ ಗುಲಾಮ್ ಮೊಹಮ್ಮದ್ ಅವರು ಹೈದರಾಬಾದ ನಿಜಾಮರ ಸರಕಾರದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದವರು. ಆಗ ನಮ್ಮ ಬೀದರವೂ ನಿಜಾಮರ ಸೀಮೆಯೇ ಅಲ್ಲವೇ! ದೇಶ ಇಬ್ಭಾಗವಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಆದರು. ಇಲ್ಲಿ 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. 1947ರಲ್ಲಿಯೇ ಅವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸಕ್ಕೆ ಕೈಹಾಕಿದ್ದರು.

1948ರ ಸೆಪ್ಟೆಂಬರ್ 17ರಂದು ಬೆಳಗಿನ ಹೊತ್ತು ಭಾರತದ ಸೈನ್ಯ ಬೀದರಕ್ಕೆ ಬಂದಿತು. ಆ ದಿನಗಳ ನೋವು ನಲಿವಿನ ಕಥೆ ಬೇರೆಯೇ ಇದೆ. ಅದನ್ನು ಇಲ್ಲಿ ಬೆರೆಸುವುದು ಬೇಡ. ಆಮೇಲೆ ಬಂದ ಕಾಲ ಮಾತ್ರ ಜೀಪಿನ ಕಾಲ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಬೀಜ, ಗೊಬ್ಬರ, ಸಿಡುಬಿನ ಲಸಿಕೆ, ಮತದಾನದ ಪೆಟ್ಟಿಗೆ, ಬರಗಾಲದ ಲೆಕ್ಕ, ಇವೆಲ್ಲ ರಸ್ತೆಯಿಲ್ಲದ ಊರಿಗೆ ಮುಟ್ಟಬೇಕಾದರೆ ಬ್ಲಾಕಿನ ಜೀಪೇ ಗತಿ. "ಜೀಪ್ ಬಂತು" ಎಂದರೆ "ಸರಕಾರ ಬಂತು" ಎಂದೇ ಜನ ತಿಳಿದರು. ಒಳ್ಳೆಯದಕ್ಕೂ ಹೌದು, ಕಂದಾಯದ ಬಾಕಿಗೂ ಹೌದು. ಆದರೂ ಎರೆಮಣ್ಣಿನಲ್ಲಿ ಜೀಪು ಹುಗಿದರೆ ಎಷ್ಟೋ ಸಾರಿ ಅದನ್ನು ಎತ್ತೇ ಎಳೆದು ತೆಗೆಯಬೇಕಾಗಿತ್ತು ಎಂಬುದನ್ನೂ ಮರೆಯಬೇಡಿ.

ಇನ್ನು ಮುಖ್ಯ ಮಾತು. ಈ ಜೀಪಿನ ಹೊರ ರೂಪ ಬಹಳ ವರ್ಷ ಬದಲಾಗಲೇ ಇಲ್ಲ. ಬದಲಾದದ್ದು ಒಳಗೆ. 1973ರಲ್ಲಿ ಅರಬರ ದೇಶಗಳು ಎಣ್ಣೆ ಬಿಗಿಹಿಡಿದವು, ಪೆಟ್ರೋಲಿನ ಬೆಲೆ ಏರಿತು. ಪೆಟ್ರೋಲು ಕುಡಿಯುವ ಜೀಪು ಕೊಳ್ಳುವವರೇ ಕಡಿಮೆಯಾದರು. ಆಗ ಕಂಪನಿ ಏನು ಮಾಡಿತು? 1963ರಿಂದ ಅವರ ಬಳಗದಲ್ಲೇ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಇತ್ತು. ಆ ಟ್ರ್ಯಾಕ್ಟರಿನ ವಂಶದ ಡೀಸೆಲ್ ಎಂಜಿನ್ನನ್ನೇ ಜೀಪಿಗೆ ಕೂಡಿಸಿತು. ಹೊಲದ ಎಂಜಿನ್ ದಾರಿಗೆ ಬಂತು! ಸದ್ದು ಹೆಚ್ಚು, ಓಟ ಕಡಿಮೆ, ಆದರೆ ಖರ್ಚು ಅಗ್ಗ. ಟ್ರ್ಯಾಕ್ಟರ್ ರಿಪೇರಿ ಬಲ್ಲ ಮಿಸ್ತ್ರಿ ಇದನ್ನೂ ಬಿಚ್ಚಿ ಜೋಡಿಸಬಲ್ಲ. ಮುಂದೆ ಫ್ರಾನ್ಸಿನ ಪ್ಯೂಜೋ ಕಂಪನಿಯ ಎಂಜಿನ್ ಬಂತು. ಹೀಗೆ ತಿದ್ದಿ ತಿದ್ದಿ ಜೀಪಿನ ಆಯುಷ್ಯ ಬೆಳೆಸಿದರು.

ಅಷ್ಟರಲ್ಲಿ ಜೀಪಿನ ಕೆಲಸವನ್ನು ಬೇರೆಯವು ಹಂಚಿಕೊಂಡವು. ಎಳೆಯುವುದು ಟ್ರ್ಯಾಕ್ಟರಿಗೆ ಹೋಯಿತು. ಸೋಯಾ, ತೊಗರಿ ಚೀಲ ಅಡತಿಗೆ ಒಯ್ಯುವುದು ಪಿಕಪ್ಪಿಗೆ, ಮದುವೆ ಜನ ಹೊರುವುದು ಕ್ರೂಜರಿಗೆ, ಒಬ್ಬಿಬ್ಬರು ಹೋಗುವುದು ಮೋಟಾರ್ ಸೈಕಲ್ಲಿಗೆ. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂದ ಮೇಲೆ ಡಾಂಬರು ಹಳ್ಳಿಯತನಕ ಬಂತು. 2008ರ ನವೆಂಬರಿನಿಂದ ಬಾಣಂತಿಯನ್ನು ಕರೆದೊಯ್ಯಲು 108 ಬಂತು. ರಸ್ತೆ ಸುಧಾರಿಸಿದಷ್ಟೂ ಜೀಪಿನ ಅಗತ್ಯ ಕಡಿಮೆಯಾಯಿತು. ಇದು ದುಃಖದ ಮಾತಲ್ಲ. ಜೀಪು ಬೇಡವಾದ ಊರೆಂದರೆ ರಸ್ತೆ ಕಂಡ ಊರು.

ಆಗ ಕಟ್ಟುಮಸ್ತಾದ ಪ್ರಶ್ನೆ ಎದ್ದಿತು: ಇದನ್ನು ನಿಲ್ಲಿಸುವುದೋ, ಹೊಸದಾಗಿ ಕಟ್ಟುವುದೋ? ನಾಲ್ಕು ಉದಾಹರಣೆ ನೋಡಿರಿ. ಜಬಲ್ಪುರದ ಕಾರ್ಖಾನೆ ಸೈನ್ಯಕ್ಕೆಂದು 1969ರಿಂದ ಮಾಡುತ್ತಿದ್ದ ಜೊಂಗಾ ಗಾಡಿಯನ್ನು 1999ರಲ್ಲಿ ನಿಲ್ಲಿಸಿಯೇ ಬಿಟ್ಟಿತು. ಮಾರುತಿಯವರ ಜಿಪ್ಸಿ 1985ರಲ್ಲಿ ಬಂದು, ಹೊಸ ಸುರಕ್ಷತೆಯ ನಿಯಮಗಳಿಗೆ ಒಗ್ಗದೆ 2019ರ ಹೊತ್ತಿಗೆ ಸಾಮಾನ್ಯ ಜನರಿಗೆ ಸಿಗದಂತಾಯಿತು. ಅದೇ ಜಾತಿಯ ಹೊಸ ಗಾಡಿ ಜಿಮ್ನಿ ಇಲ್ಲಿಗೆ ಬಂದದ್ದು 2023ರಲ್ಲಿ. ಇಂಗ್ಲೆಂಡಿನ ಲ್ಯಾಂಡ್ ರೋವರ್ ಡಿಫೆಂಡರ್ 20 ಲಕ್ಷ ಗಾಡಿಗಳ ಮೇಲೆ 2016ರ ಜನವರಿ 29ರಂದು ನಿಂತಿತು. ಕೆಲವು ವರ್ಷ ಬಿಟ್ಟು ಅದೇ ಹೆಸರಿನಲ್ಲಿ ಬೇರೆಯೇ ಗಾಡಿ ಬಂತು, ಬೆಲೆ ಮಾತ್ರ ಸಿರಿವಂತರದ್ದು. ಮಹೀಂದ್ರದವರು ಹಳೆಯ ಜೀಪಿನ ರೂಪದಲ್ಲಿ 2010ರಲ್ಲಿ ಥಾರ್ ಮಾಡಿದರು. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮ ಜಾರಿಯಾಯಿತು. ಆ ವರ್ಷವೇ ಅಕ್ಟೋಬರಿನಲ್ಲಿ ಥಾರನ್ನು ಬುಡದಿಂದ ಹೊಸದು ಮಾಡಿ ಮಾರಿದರು. ಡಿಕ್ಕಿಯ ಪರೀಕ್ಷೆಯಲ್ಲಿ ಅದಕ್ಕೆ 5ರಲ್ಲಿ 4 ನಕ್ಷತ್ರ ಬಂತು. ಮೊದಲಿನ ಬೆಲೆಯೇ 9 ಲಕ್ಷ 80 ಸಾವಿರ. ಸಾಧಾರಣ ಟ್ರ್ಯಾಕ್ಟರಿಗಿಂತ ಹೆಚ್ಚು.

ಹಳೆಯದೇ ಇರಲಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಳೆಯ ಜೀಪನ್ನು ಹಳ್ಳಿಯ ಮಿಸ್ತ್ರಿ ಬೇವಿನ ಗಿಡದ ನೆರಳಲ್ಲಿ ಕೂತು, ಪಾನಾ ಸುತ್ತಿಗೆ ಹಿಡಿದು ರಿಪೇರಿ ಮಾಡಬಲ್ಲ. ಹೊಸದಕ್ಕೆ ಕಂಪ್ಯೂಟರ್ ಹಚ್ಚಿ ನೋಡಬೇಕು. ಔರಾದದ ಅಂಚಿನ ಊರಿಂದ ಅದಕ್ಕಾಗಿ ದೂರದ ಪಟ್ಟಣಕ್ಕೆ ಒಯ್ಯಬೇಕು. ರೈತನ ಹೆಸರಲ್ಲಿ ಹುಟ್ಟಿದ ಗಾಡಿ ಈಗ ಶೋಕಿಯ ಗಾಡಿಯಾಗಿದೆ ಎಂಬ ದೂರೂ ಸುಳ್ಳಲ್ಲ.

ಆದರೆ ಇನ್ನೊಂದು ತಕ್ಕಡಿಯಲ್ಲಿ ಇರುವುದು ಜೀವ. ಹಳೆಯ ಜೀಪು ಎತ್ತರ, ಅಗಲ ಕಡಿಮೆ. ತಿರುವಿನಲ್ಲಿ ಜೋರು ಮಾಡಿದರೆ ಹೊರಳುತ್ತದೆ. ಮೇಲೆ ಬಟ್ಟೆಯ ಮಾಡು, ಪಕ್ಕಕ್ಕೆ ಬಾಗಿಲಿಲ್ಲ, ಹಿಂದಿನ ಉದ್ದ ಬಾಕಿನ ಮೇಲೆ ಅಡ್ಡ ಮುಖವಾಗಿ ಕೂತವರಿಗೆ ಪಟ್ಟಿಯಿಲ್ಲ. ಕೆಸರಿನ ಹಾದಿಯಲ್ಲಿ ಎತ್ತಿನ ನಡಿಗೆಯಲ್ಲಿ ಹೋಗುವಾಗ ಇದು ನಡೆದೀತು. ಅದೇ ಗಾಡಿ ಡಾಂಬರಿನ ಮೇಲೆ ತುಂಬ ಜನ ಹೇರಿಕೊಂಡು ಓಡಿದರೆ? ರಸ್ತೆ ಬದಲಾಯಿತು, ವೇಗ ಬದಲಾಯಿತು. ಗಾಡಿ ಮಾತ್ರ ಹಳೆಯದೇ ಇರಬೇಕೆಂದರೆ ಅದರ ಬೆಲೆಯನ್ನು ತೆರುವವರು ಹಿಂದೆ ಕೂತ ಹೆಣ್ಣುಮಕ್ಕಳು, ಸಾಲಿಗೆ ಹೋಗುವ ಮಕ್ಕಳು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಹಳೆಯ ರೂಪವನ್ನು ಹಾಗೇ ಮಾಡುತ್ತ ಹೋಗುವುದು ಸರಿಯಲ್ಲ, ತಿದ್ದಬೇಕಾದ್ದೇ ನ್ಯಾಯ. ಆದರೆ ತಿದ್ದುವಾಗ ಹಳೆಯ ಜೀಪಿನ ಮೂರು ಗುಣ ಬಿಡಬಾರದು: ಕೆಸರಿನಿಂದ ಹೊರಬರುವ ಬಲ, ಹತ್ತಿರದಲ್ಲೇ ಆಗುವ ರಿಪೇರಿ, ಒಕ್ಕಲಿಗನಿಗೆ ನಿಲುಕುವ ಬೆಲೆ. ಮೊದಲನೆಯದನ್ನು ಉಳಿಸಿಕೊಂಡಿದ್ದಾರೆ, ಉಳಿದೆರಡು ಇನ್ನೂ ನಮ್ಮ ಕೈಗೆ ಬಂದಿಲ್ಲ. ಕೇಳಬೇಕಾದ್ದು ಅದನ್ನು.

ನಿಮ್ಮ ಮನೆಯಲ್ಲೇ ಹಳೆಯ ಜೀಪಿದ್ದರೆ ಕೆಲವು ಮಾತು. ಸ್ವಂತದ ಗಾಡಿಯ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ತೋರಿಸಿ ಯೋಗ್ಯವೆಂದು ಬರೆಯಿಸಿಕೊಂಡು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಸರಕಾರಿ ಗಾಡಿಗಳಿಗಂತೂ 2023ರ ಏಪ್ರಿಲ್ 1ರಿಂದ 15 ವರ್ಷವಾದ ಮೇಲೆ ನವೀಕರಣವೇ ಇಲ್ಲ. ಬ್ಲಾಕಿನ ಹಳೆಯ ಜೀಪು ಹೀಗೆ ಕಾನೂನಿನಿಂದಲೇ ನಿವೃತ್ತಿಯಾಯಿತು. ಬ್ರೇಕು, ಚುಕ್ಕಾಣಿ, ಟೈರು, ಈ ಮೂರನ್ನು ಮಳೆಗಾಲಕ್ಕೆ ಮುಂಚೆ ನೋಡಿಸಿರಿ. ಹಿಂದೆ ಜನ ತುಂಬಿಕೊಂಡು ಹೆದ್ದಾರಿ ಹತ್ತಬೇಡಿರಿ. ರಿಪೇರಿಯ ಖರ್ಚು ವರ್ಷದ ದುಡಿಮೆಗಿಂತ ಹೆಚ್ಚಾಯಿತೆಂದರೆ ಮಮತೆ ಬಿಡಿರಿ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಪತ್ರ ಪಡೆದು, ನೋಂದಣಿ ರದ್ದು ಮಾಡಿಸಿರಿ. ಇಲ್ಲವಾದರೆ ಗಾಡಿ ಬೇರೆಯವರ ಕೈಯಲ್ಲಿ, ತಂಟೆ ನಿಮ್ಮ ಹೆಸರಲ್ಲಿ.

ಮುದಿ ಎತ್ತಿಗೆ ಭಾರ ಹೇರುವವನು ಒಳ್ಳೆಯ ಒಕ್ಕಲಿಗನಲ್ಲ. ಆದರೆ ಎಳೆಯ ಕರುವನ್ನು ಪಳಗಿಸದೆ ಬಿಡುವವನೂ ಒಳ್ಳೆಯ ಒಕ್ಕಲಿಗನಲ್ಲ. ಜೀಪಿಗೂ ಅದೇ ನ್ಯಾಯ.