ಗಿರ್ ರಾಷ್ಟ್ರೀಯ ಉದ್ಯಾನ

ಗುಜರಾತಿನ ಸೌರಾಷ್ಟ್ರದಲ್ಲಿರುವ ತೇಗದ ಕುರುಚಲು ಕಾಡು. ಏಷ್ಯಾದ ಸಿಂಹ ಸ್ವತಂತ್ರವಾಗಿ ಬದುಕುಳಿದಿರುವ ಒಂದೇ ಸೀಮೆ. ಅಭಯಾರಣ್ಯವೂ ಸೇರಿ ಸುಮಾರು 1,412 ಚ.ಕಿ.ಮೀ. ವಿಸ್ತಾರವಿದ್ದು, ಅದರಲ್ಲಿ 258 ಚ.ಕಿ.ಮೀ. ಮಾತ್ರ ರಾಷ್ಟ್ರೀಯ ಉದ್ಯಾನ.

ಪಶ್ಚಿಮ ಏಷ್ಯಾದಿಂದ ಬಿಹಾರದವರೆಗೆ ಹರಡಿದ್ದ ಈ ಸಿಂಹ 19ನೆಯ ಶತಮಾನದ ಕೊನೆಗೆ ಭಾರತದಲ್ಲಿ ಕೋವಿಗೆ ಸಿಕ್ಕಿ ಅಳಿದು, ಜುನಾಗಢ ನವಾಬರ ಈ ಬೇಟೆಕಾಡಿನಲ್ಲಷ್ಟೇ ಉಳಿಯಿತು. 1900ರಲ್ಲಿ ಅಲ್ಲಿಗೆ ಬಂದ ವೈಸರಾಯ್ ಕರ್ಜನ್ ಸಿಂಹದ ಬೇಟೆಯನ್ನು ಕೈಬಿಟ್ಟ. ಆಗ ಹನ್ನೆರಡೇ ಸಿಂಹಗಳು ಉಳಿದಿದ್ದವೆಂಬ ಮಾತು ಪ್ರಸಿದ್ಧ. ಬೇಟೆಗೆ ಹಾತೊರೆಯುವ ಅತಿಥಿಗಳನ್ನು ದೂರವಿಡಲು ಲೆಕ್ಕವನ್ನು ಕುಗ್ಗಿಸಿ ಹೇಳಿರಲೂಬಹುದು. ನವಾಬರು ಬೇಟೆಗೆ ಕಡಿವಾಣ ಹಾಕಿದರು, ಪೂರ್ತಿ ನಿಲ್ಲಿಸಲಿಲ್ಲ.

1936ರ ಗಣತಿಯಲ್ಲಿ 287 ಇದ್ದ ಸಿಂಹಗಳು 1968ರಲ್ಲಿ 177ಕ್ಕೆ ಇಳಿದವು. 1965ರಲ್ಲೇ ಅಭಯಾರಣ್ಯ ಘೋಷಣೆಯಾಗಿತ್ತಾದರೂ ಕಾಡಿನೊಳಗೆ ಮೇವಿಗಾಗಿ ಪೈಪೋಟಿ ನಿಂತಿರಲಿಲ್ಲ. ಮಾಲ್ಧಾರಿ ಪಶುಪಾಲಕರು ಮುಳ್ಳುಬೇಲಿಯ ಹಟ್ಟಿಗಳಾದ 'ನೇಸ್'ಗಳಲ್ಲಿ ಎಮ್ಮೆ ಸಾಕಿಕೊಂಡಿದ್ದರು. ಬೇಸಿಗೆಯಲ್ಲಿ ಹೊರಗಿನ ಹಿಂಡುಗಳೂ ನುಗ್ಗುತ್ತಿದ್ದವು. ಜಿಂಕೆ, ಕಡವೆ ಕಡಿಮೆಯಾಗಿ ಸಿಂಹಕ್ಕೆ ದನವೇ ಆಹಾರವಾಯಿತು. ಆ ಊಟವೂ ನೆಮ್ಮದಿಯದಲ್ಲ: ಚರ್ಮ ಸುಲಿಯುವವರು ಸಿಂಹವನ್ನು ಬೇಟೆಯಿಂದ ಓಡಿಸಿ ದನದ ಚರ್ಮ ಬಿಚ್ಚಿಕೊಂಡು ಹೋಗುತ್ತಿದ್ದರು, ಮಾಂಸ ಹದ್ದುಗಳ ಪಾಲಾಗುತ್ತಿತ್ತು.

1972ರಲ್ಲಿ ಶುರುವಾದ ಯೋಜನೆಯಡಿ ಕಾಡಿನಂಚಿಗೆ ಕಲ್ಲುಗೋಡೆ ಎದ್ದಿತು, ನೂರಾರು ಮಾಲ್ಧಾರಿ ಕುಟುಂಬಗಳನ್ನು ಹೊರಗೆ ನೆಲೆಗೊಳಿಸಲಾಯಿತು. ಸಿಂಹವನ್ನು ರಾಷ್ಟ್ರಪ್ರಾಣಿಯ ಪಟ್ಟದಿಂದ ಇಳಿಸಿ ಹುಲಿಯನ್ನು ಕೂರಿಸಿದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ! 1975ರಲ್ಲಿ ನಟ್ಟನಡುವಿನ ಭಾಗ ರಾಷ್ಟ್ರೀಯ ಉದ್ಯಾನವಾಯಿತು. ಮೇವು ಚಿಗುರಿತು, ಜಿಂಕೆ ಹೆಚ್ಚಿತು. ಸಿಂಹಕ್ಕೆ ದಾರಿಯಾಯಿತು, ಎಬ್ಬಿಸಲ್ಪಟ್ಟವರ ಪಾಡು ಮಾತ್ರ ಸರ್ಕಾರಿ ಯಶೋಗಾಥೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಸಿಂಹಗಳ ಸಂಖ್ಯೆ 2015ರಲ್ಲಿ 523, 2025ರಲ್ಲಿ 891. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಗಿರ್‌ನ ಹೊರಗೆ, ಹೊಲ ತೋಟಗಳ ನಡುವೆ ಇವೆ. ಕಟ್ಟೆಯಿಲ್ಲದ ಬಾವಿಗಳಿಗೆ ಬಿದ್ದು ಸಾಯುವುದನ್ನು ತಡೆಯಲು ಸಾವಿರಾರು ಬಾವಿಗಳಿಗೆ ಕಟ್ಟೆ ಕಟ್ಟಬೇಕಾಯಿತು. ರೈಲಿಗೆ ಸಿಕ್ಕಿ ಸಾಯುವುದೂ ಉಂಟು. ಒಂದೇ ಕಡೆ ಇರುವ ಸಂತತಿಗೆ ರೋಗದ ಭಯ ದೊಡ್ಡದು. ಇದೇ ಕಾರಣಕ್ಕೆ ಕೆಲವನ್ನು ಮಧ್ಯಪ್ರದೇಶದ ಕುನೊಗೆ ಸಾಗಿಸುವಂತೆ 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆದರೆ ಸಿಂಹ ಗುಜರಾತಿನ ಹೆಮ್ಮೆಯೆಂಬ ಆ ರಾಜ್ಯದ ಪಟ್ಟು ಸಡಿಲಲಿಲ್ಲ, ಸಾಗಣೆ ನಡೆಯಲಿಲ್ಲ. 2018ರಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ತಗುಲಿ ದಲ್ಖಾಣಿಯಾ ವಲಯದಲ್ಲಿ ಸಿಂಹಗಳು ಸಾಲುಸಾಲಾಗಿ ಸತ್ತಾಗ ಎಚ್ಚರಿಕೆ ನಿಜವಾಯಿತು. ಆದರೂ ಗುಜರಾತ್ ಎರಡನೆಯ ನೆಲೆಯಾಗಿ ಬೆಳೆಸುತ್ತಿರುವುದು ಸೌರಾಷ್ಟ್ರದ್ದೇ ಆದ ಬರ್ಡಾ ಕಾಡನ್ನು. ಕುನೊಗೆ 2022ರಲ್ಲಿ ಬಂದದ್ದು ನಮೀಬಿಯಾದ ಚೀತಾಗಳು.